ಲಿಫ್ಟಿನ ಪಕ್ಕದ ಗೋಡೆ

ಇಪ್ಪತ್ತೆಂಟು ವರ್ಷ ಕುತೈಸಿಯ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಕೂತು
ಊರಿನ ಬಾಯನ್ನು ಊರಿನ ಕಿವಿಗೆ ಹೊಲಿದವಳು ನಾನು.
ಈಗ ಅಂಗೈಯಗಲದ ಕರಿ ಡಬ್ಬಿಯೊಂದು
ನನ್ನ ಮಾತು ಕೇಳುವುದಿಲ್ಲ.

ಥೆಸಲೊನೀಕಿಯಲ್ಲಿ ತಂಗಿ ಎತೇರಿ
ಯಾರ ಮನೆಯದೋ ಮುದುಕಿಗೆ ಉಣ್ಣಿಸಿ ಮಲಗಿಸಿ
ರಾತ್ರಿ ಪರದೆಗೆ ಬರುತ್ತಾಳೆ.
ಅಕ್ಕಾ, ಇವತ್ತು ಏನಾಯಿತು ಗೊತ್ತಾ, ಅನ್ನುತ್ತಾಳೆ.
ತೆರೆದ ಬಾಯಿ ತೆರೆದಂತೆಯೇ ಕಲ್ಲಾಗುತ್ತದೆ.
ಏನಾಯಿತು ಅನ್ನುವುದು
ಕಪ್ಪು ಸಮುದ್ರದ ಆಚೆ ದಡದಲ್ಲೇ ಉಳಿಯುತ್ತದೆ.
ಡಬ್ಬಿಯ ಹಸಿರು ಕಣ್ಣು ಕೆಂಪಗೆ.

ಕಂಪನಿಯ ಹುಡುಗನಿಗೆ ಫೋನು ಹಚ್ಚಿದೆ.
ಆರಿಸಿ, ಮೂವತ್ತು ಎಣಿಸಿ, ಮತ್ತೆ ಹಾಕಿ, ಅಂದ.
ನಮ್ಮ ಭಾಷೆಯಲ್ಲಿ ಮೂವತ್ತೆಂದರೆ ಇಪ್ಪತ್ತೂ ಹತ್ತೂ.
ಇಪ್ಪತ್ತನ್ನೂ ಎಣಿಸಿದೆ, ಹತ್ತನ್ನೂ ಎಣಿಸಿದೆ.
ಮಾರನೆಯ ದಿನ ಬೇರೆ ಹುಡುಗ, ಅದೇ ಮೂವತ್ತು.
ಎತ್ತು ಈಯಿತೆಂದರೆ ಕೊಟ್ಟಿಗೆಗೆ ಕಟ್ಟಿ ಅನ್ನುವ ಪೈಕಿ.
ತಂತಿ ಬದಲಿಸಿದೆ. ಡಬ್ಬಿಯ ಕೊಂಬು ತಿರುವಿದೆ.
ಕೆಳಮನೆಯ ಗೋಚಾ ಬಂದು ಎರಡು ಲೋಟ ವೈನು ಕುಡಿದು
ಡಬ್ಬಿಯ ಆರೋಗ್ಯಕ್ಕೆಂದು ಉದ್ದದ ಮಾತಾಡಿ
ಕೊನೆಗೆ ಅದರ ನೆತ್ತಿಗೆ ಒಂದು ಬಿಟ್ಟ.
ಜಗ್ಗಲಿಲ್ಲ.

ಆಗ ಹಳೆಯ ಕಸುಬು ನೆನಪಾಯಿತು.
ಕೆಟ್ಟ ಲೈನನ್ನು ಬೈಯಬೇಡ, ಬರೆದಿಡು,
ಅನ್ನುತ್ತಿದ್ದಳು ನಮ್ಮ ಮೇಲಿನವಳು ಲಮಾರಾ,
ಬೋರ್ಡಿಗೆ ದಾರದಲ್ಲಿ ಪೆನ್ಸಿಲು ಕಟ್ಟಿ.

ಚೌಕಳಿ ಹಾಳೆಯ ನೋಟುಬುಕ್ಕು.
ಬೆಳಿಗ್ಗೆ ಏಳು ಇಪ್ಪತ್ತು, ಕೆಂಪು.
ಏಳು ಇಪ್ಪತ್ತೆರಡು, ಮತ್ತೆ.
ಎಂಟಕ್ಕೆ ಐದು ನಿಮಿಷವಿದ್ದಾಗ ಬಿಟ್ಟೂಬಿಡದೆ ಮೂರು ಸಲ.
ರಾತ್ರಿ ಮೂರು ಹತ್ತು. ಮೂರು ಐವತ್ತು.
ಮರುರಾತ್ರಿಯೂ ಮೂರು ಹತ್ತು, ಮೂರು ಐವತ್ತು.

ಎಂಟನೆಯ ದಿನ ಬರೆಯುತ್ತಿದ್ದ ಹಾಗೆಯೇ
ಗೋಡೆಯೊಳಗೆ ಏನೋ ಗುರ್ರೆಂದಿತು.
ಲಿಫ್ಟು!
ನಾಣ್ಯ ನುಂಗದೆ ಮೇಲೇಳದ ಸೋವಿಯತ್ ಕಾಲದ ಮುದಿ ಲಿಫ್ಟು,
ಅದರ ಬಾವಿಗೆ ಬೆನ್ನು ಕೊಟ್ಟ ನನ್ನ ಕಪಾಟು,
ಕಪಾಟಿನ ತಲೆಯ ಮೇಲೆ ಡಬ್ಬಿ.
ಅದು ಉಸಿರೆಳೆದಾಗಲೆಲ್ಲ ಇದಕ್ಕೆ ಉಬ್ಬಸ.

ನೋಟುಬುಕ್ಕನ್ನು ಮೊದಲಿಂದ ಓದಿದೆ.
ಅಕ್ಷರ ಅವೇ, ಪುಸ್ತಕ ಬೇರೆ.
ಏಳು ಇಪ್ಪತ್ತಕ್ಕೆ ಇಳಿದವಳು ದಂತವೈದ್ಯೆ ಖಾತುನಾ;
ಏಳು ಇಪ್ಪತ್ತೆರಡಕ್ಕೆ, ಮರೆತ ಬೀಗದ ಕೈಗಾಗಿ ಹತ್ತಿದವಳೂ ಅವಳೇ.
ಎಂಟರ ಹತ್ತಿರದ ಮೂರು ಸಲ, ಆರನೆಯ ಮಹಡಿಯ ಅವಳಿಗಳು
ಮತ್ತು ಅವರ ಜಗಳ.
ಮೂರು ಹತ್ತು ಯಾರೆಂದು ಮಾತ್ರ ಹೊಳೆಯಲಿಲ್ಲ.

ಆ ರಾತ್ರಿ ಬಾಗಿಲ ಸಂದಿಗೆ ಕಣ್ಣಿಟ್ಟೆ.
ಎದುರುಮನೆಯ ತೆಂಗಿಜ್.
ಅಂಗಿಯ ಮೇಲೆ ಕೋಟು, ಕಾಲಿಗೆ ಮನೆ ಚಪ್ಪಲಿ.
ಮೆಟ್ಟಿಲಿಳಿದು ಹಿಂದೆ ಹೋದೆ.
ಅಂಗಳದಲ್ಲಿ ಚಕ್ರವಿಲ್ಲದ ಅವನ ಕಾರು,
ಗಾಜೆಲ್ಲ ಏರಿಸಿಕೊಂಡು ಒಳಗೆ ಕೂತು
ಹಾಡುತ್ತಿದ್ದ.

ಮೂರು ದನಿಯ ಹಾಡು ಅದು, ನಮ್ಮವರಿಗೆಲ್ಲ ಗೊತ್ತು.
ಕೆಳಗಿನ ದನಿ ಮಾತ್ರ ಅವನದು.
ಮೇಲಿನೆರಡು ಬರಬೇಕಾದ ಕಡೆ
ನಿಲ್ಲಿಸಿ, ಕಾಯ್ದು, ಲೆಕ್ಕ ತಪ್ಪದೆ ಮುಂದುವರಿಯುತ್ತಿದ್ದ.
ಒಂದೇ ಕಿವಿಯಲ್ಲಿ ಊರಿನ ಅರ್ಧ ಮಾತು ಕೇಳಿದವಳು ನಾನು,
ಆದರೂ ಇಂಥ ಅರ್ಧ ಕೇಳಿರಲಿಲ್ಲ.
ಗಾಜಿನ ಮೇಲೆ ಅವನ ಉಸಿರು ಕಟ್ಟಿತ್ತು.
ಕೆಮ್ಮು ಬಂತು, ನುಂಗಿಕೊಂಡು ಮೇಲೆ ಬಂದೆ.

ಈಗ ಡಬ್ಬಿ ಅಡುಗೆಮನೆಯಲ್ಲಿ, ಹಿಟ್ಟಿನ ಡಬರಿಯ ಪಕ್ಕ.
ಎಂಟು ಮೀಟರ್ ತಂತಿಗೆ ಹನ್ನೆರಡು ಲಾರಿ ಕೊಟ್ಟೆ.
ಕಣ್ಣು ಕೆಂಪಾಗುವುದಿಲ್ಲ.
ಎತೇರಿ ಕಡೆಗೂ ಹೇಳಿ ಮುಗಿಸಿದಳು.
ಆದದ್ದು ಇಷ್ಟೇ, ಮುದುಕಿ ತನ್ನ ಹಲ್ಲಿನ ಸೆಟ್ಟನ್ನು
ಮೊಸರಿನ ಬಟ್ಟಲಲ್ಲಿ ಬಚ್ಚಿಟ್ಟಿದ್ದಳಂತೆ.
ಹದಿನೈದು ದಿನ ಕಾದದ್ದು ಇದಕ್ಕಾ ಎಂದು
ಇಬ್ಬರೂ ಕಣ್ಣಲ್ಲಿ ನೀರು ಬರುವಷ್ಟು ನಕ್ಕೆವು.

ಮೂರು ಹತ್ತಕ್ಕೆ ಎಚ್ಚರವಾಗುವುದು ಮಾತ್ರ ತಪ್ಪಿಲ್ಲ.
ನಿನ್ನೆ ಮಲಗುವ ಮೊದಲು ಹೋಗಿ
ಲಿಫ್ಟಿನ ನಾಣ್ಯದ ಪೆಟ್ಟಿಗೆಯ ಮೇಲೆ
ಹತ್ತು ತೆತ್ರಿಯದೊಂದು ಇಟ್ಟು ಬಂದೆ.
ಬೆಳಿಗ್ಗೆ ಇರಲಿಲ್ಲ.
ಖಾತುನಾ ಎತ್ತಿಕೊಂಡಿರಲೂಬಹುದು.